ದಂಡದ ಕಾಗದ

ತಪ್ಪು ಕ್ಲೈವ್ ಪೆಡ್ಲರನದೇ. ತನ್ನೊಳಗೆ ಅವನು ಅದನ್ನು ಒಮ್ಮೆಯೂ ಅಲ್ಲಗಳೆದಿರಲಿಲ್ಲ. ಅಡಿಲೇಡಿನ ಅಂಚಿನ ಆ ಶಾಲೆಯ ಆಟದ ಏಣಿಯನ್ನು ಮೂರು ತಿಂಗಳಿಗೊಮ್ಮೆ ಪರೀಕ್ಷಿಸಬೇಕಾದ ಪುರಸಭೆಯ ನೌಕರ ಅವನೇ. ಎರಡು ಸಲ ಮನೆಯಲ್ಲೇ ಕೂತು ‘ಸರಿಯಿದೆ’ ಎಂದು ಸಹಿ ಹಾಕಿದ್ದ. ಬೋಲ್ಟು ಕಳಚಿತು, ಎಂಟು ವರ್ಷದ ಟಿಲಿ ಬಿದ್ದಳು. ಆಮೇಲೆ ಅವಳು ಎದ್ದು ನಿಲ್ಲಲೇ ಇಲ್ಲ. ಸುದ್ದಿ ಕೇಳಿದ ದಿನ ಕ್ಲೈವ್ ರಾತ್ರಿಯಿಡೀ ಅಂಗಳದಲ್ಲಿ ಅಡ್ಡಾಡಿದ್ದ. ಮರುದಿನದಿಂದ ಏನೂ ಅನ್ನಿಸುತ್ತಿರಲಿಲ್ಲ. ಮೈ ತನ್ನ ಪಾಡಿಗೆ ತಾನು ಎದ್ದು, ಹಲ್ಲುಜ್ಜಿ, ಕೆಲಸಕ್ಕೆ ಹೋಗಿ ಬರುತ್ತಿತ್ತು. ಕೆಲವು ದಿನ ಊಟ ಮಾಡಿದ್ದೂ ನೆನಪಿರದೆ ತಟ್ಟೆ ನೋಡಿ ತಿಳಿದುಕೊಳ್ಳುತ್ತಿದ್ದ.

ಜೈಲಿನ ಭಯವೊಂದು ಮಾತ್ರ ಉಳಿದಿತ್ತು. ಶಾಲೆಯ ಆವರಣ ನೋಡಿಕೊಳ್ಳುವ ನೆವ್ ತನ್ನ ರಿಜಿಸ್ಟರಿನಲ್ಲಿ ಎರಡು ಕಡೆ ಬರೆದಿದ್ದ: ‘ಏಣಿಯ ಬೋಲ್ಟು ಸಡಿಲ. ಪಬ್ಬಿನಲ್ಲಿ ಸಿಕ್ಕಾಗ ಕ್ಲೈವ್‌ಗೆ ಹೇಳಿದೆ.’ ವಿಚಾರಣೆ ಸೋಮವಾರ; ನೆವ್ ಅದನ್ನು ಅಂದೇ ತಂದು ತೋರಿಸುವವನಿದ್ದ. ಆ ಪುಸ್ತಕ ಇಲ್ಲವಾದರೆ ಉಳಿಯುವುದು ನೆವ್‌ನ ಬರೀ ಬಾಯಿಮಾತು, ಎದುರಿಗೆ ಕ್ಲೈವನ ಸಹಿ. ತಪ್ಪು ನೆವ್‌ನ ತಲೆಗೆ ಬರುತ್ತದೆ. ಪಾಪದ ಮನುಷ್ಯ, ಮೋಸ ಗೊತ್ತಿಲ್ಲ. ಅದನ್ನೂ ಕ್ಲೈವ್ ಯೋಚಿಸಿದ. ಏನೂ ಅನ್ನಿಸಲಿಲ್ಲ.

ಉಳಿದ ದಿನ ಆ ಶಾಲೆಗೆ ನುಗ್ಗುವುದು ಸುಲಭವಲ್ಲ. ಬೀಗ, ಹೊರಗಿನವರ ಎದೆಗೆ ಗುರುತಿನ ಚೀಟಿ, ರಜೆಯಲ್ಲಿ ಅಲಾರಂ. ಆದರೆ ವಿಚಾರಣೆಯ ಹಿಂದಿನ ಶನಿವಾರವೇ ಚುನಾವಣೆ, ಆ ಶಾಲೆಯೇ ಮತಗಟ್ಟೆ. ಅಂದು ಗೇಟು ಹಾರು ಹೊಡೆದಿರುತ್ತದೆ. ಕರಪತ್ರ ಹಂಚುವವರ ಕಣ್ಣು ತಪ್ಪಿಸಲು ಎಲ್ಲರೂ ನೆಲ ನೋಡಿಕೊಂಡೇ ಒಳಗೆ ಬರುತ್ತಾರೆ. ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಸಾಲು ಲೈಬ್ರರಿ ಬಾಗಿಲಿನಿಂದ ಓಣಿ ಹಿಡಿದು, ನೆವ್‌ನ ಉಗ್ರಾಣದ ಮುಂದೆಯೇ ಸಾಗಿ ಸಭಾಂಗಣ ಸೇರುತ್ತದೆ. ಪುಸ್ತಕ ನೇತಾಡುವುದು ಉಗ್ರಾಣದ ಬಾಗಿಲ ಹಿಂದಿನ ಮೊಳೆಯಲ್ಲಿ. ಆ ಬಾಗಿಲಿಗೆ ಬೀಗವಿಲ್ಲ.

ಎಲ್ಲಕ್ಕಿಂತ ಅವನಿಗೆ ಹಿಡಿಸಿದ್ದು ತನ್ನ ಸಾಕ್ಷಿ. ಶುಕ್ರವಾರವೇ ಮೀನು ಹಿಡಿಯಲು ಮೂರು ಗಂಟೆ ದೂರದ ನದಿಗೆ ಹೋಗುವುದು, ಫೋನನ್ನು ಡೇರೆಯಲ್ಲೇ ಬಿಟ್ಟು ಶನಿವಾರ ಒಳದಾರಿಯಲ್ಲಿ ಶಾಲೆಗೆ ಬಂದು ಮರಳುವುದು. ಅಲ್ಲಿ ಓಟು ಹಾಕುವುದು ಕಡ್ಡಾಯ; ಹಾಕದವರಿಗೆ ಸರ್ಕಾರದ ಕಾಗದ ಬರುತ್ತದೆ: ಯಾಕೆ ಬರಲಿಲ್ಲ, ಕಾರಣ ಕೊಡಿ, ಇಲ್ಲವೇ ದಂಡ ಕಟ್ಟಿ. ಅಂದು ಅವನು ಆ ಶಾಲೆಯಲ್ಲಿ ಇರಲಿಲ್ಲ ಎಂದು ಸರ್ಕಾರವೇ ಬರೆದುಕೊಡುತ್ತದೆ. ಅದಕ್ಕಿಂತ ಗಟ್ಟಿ ಸಾಕ್ಷಿ ಯಾವುದು?

ಎಲ್ಲ ಅಂದುಕೊಂಡಂತೆಯೇ ನಡೆಯಿತು. ಟೋಪಿ, ಕಪ್ಪು ಕನ್ನಡಕ, ದೊಗಳೆ ಜಾಕೆಟ್ಟು. ಓಣಿಯಲ್ಲಿ ಹಿಂದಿದ್ದ ಹೆಂಗಸಿಗೆ ಶೌಚಾಲಯಕ್ಕೆ ಹೋಗಿಬರುವುದಾಗಿ ಹೇಳಿದ. “ಹೋಗ್ಬನ್ನಿ, ಜಾಗ ಹಿಡ್ಕೊಂಡಿರ್ತೀನಿ” ಎಂದಳು ಅವಳು, ಫೋನಿನಿಂದ ತಲೆಯೆತ್ತದೆ. ಅರ್ಧ ನಿಮಿಷದಲ್ಲಿ ಪುಸ್ತಕ ಜಾಕೆಟ್ಟಿನೊಳಗಿತ್ತು. ಬಂದ ದಾರಿಯಲ್ಲಿ ಹಿಂದಿರುಗಬೇಕೆನ್ನಿಸಿತು. ಸಾಲಿಗೆ ಎದುರಾಗಿ ನಡೆಯುವವನನ್ನೇ ಜನ ನೋಡುವುದು ಎಂದು ಸುಮ್ಮನಾದ. ತನ್ನ ಜಾಗಕ್ಕೆ ಬಂದು ನಿಂತ. ಎಲ್ಲರೂ ಹೋಗುವಂತೆ, ಮೂವತ್ತೆಂಟು ವರ್ಷದಿಂದ ತಾನು ಹೋಗುತ್ತಿದ್ದಂತೆ, ಸಭಾಂಗಣ ಹಾದು ಹೊರಗೆ ಬಂದ. ಶಾಲೆಗೆ ಹಣ ಕೂಡಿಸಲು ಪೋಷಕರು ಹಚ್ಚಿದ್ದ ಒಲೆಯ ಬಳಿ ಬ್ರೆಡ್ಡಿನಲ್ಲಿ ಸುತ್ತಿದ ಸಾಸೇಜು, ಮೇಲೆ ಈರುಳ್ಳಿ. ತಿಂದ. ರುಚಿ ತಿಳಿಯಲಿಲ್ಲ. ಸಂಜೆಯೊಳಗೆ ಪುಸ್ತಕ ನದಿಯ ತಳದಲ್ಲಿತ್ತು.

ನೆವ್ ಕೆಲಸ ಕಳೆದುಕೊಂಡ. ಪುಸ್ತಕ ಇತ್ತು, ಯಾರೋ ಕದ್ದರು ಎಂದು ಅವನು ಹೇಳುತ್ತಲೇ ಇದ್ದುದರಿಂದ ಡಿಟೆಕ್ಟಿವ್ ಡೆಸ್ಪಿನಾ ಎರಡು ಸಲ ಕ್ಲೈವನ ಮನೆಗೆ ಬಂದು ಹೋದಳು. ಎರಡು ತಿಂಗಳ ನಂತರ ಮೂರನೆಯ ಸಲ ಬಂದಳು.

“ಅಲ್ರೀ ಕ್ಲೈವ್, ಓಟೇ ಹಾಕ್ಲಿಲ್ಲ ಅಂದ್ರಲ್ಲ, ಆ ದಂಡದ ಕಾಗದ ತೋರ್ಸಿ. ನಿಮ್ಮ ಹೆಸರು ಹೊಡೆದುಹಾಕಿ ಫೈಲು ಮುಚ್ಚಿಬಿಡ್ತೀನಿ.”

“ಇನ್ನೂ ಬಂದಿಲ್ಲ. ಪಕ್ಕದ್ಮನೆಯೋರಿಗೆ ಬಂದು ಎರಡು ವಾರ ಆಯ್ತು. ಸರ್ಕಾರದ ಕೆಲಸ, ಗೊತ್ತಲ್ಲ” ಎಂದ ಕ್ಲೈವ್. ಧೈರ್ಯವಾಗಿ ತಾನೇ ಚುನಾವಣಾ ಕಚೇರಿಗೆ ಫೋನು ಮಾಡಿ, ಅವಳಿಗೂ ಕೇಳಿಸಲಿ ಎಂದು ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟ.

ಆ ಕಡೆಯ ಹೆಂಗಸು ಹೆಸರು, ವಿಳಾಸ, ಹುಟ್ಟಿದ ದಿನ ಕೇಳಿಕೊಂಡಳು. “ನಿಮಗ್ಯಾಕೆ ದಂಡ ಹಾಕ್ತಾರೆ, ಪೆಡ್ಲರ್ ಅವರೇ? ಓಟು ಹಾಕಿದ್ದೀರಲ್ಲ. ನಿಮ್ಮ ಶಾಲೆಯದೇ ಪಟ್ಟಿ, ಮೂರನೇ ಮೇಜು, ಹೆಸರಿನ ಮೇಲೆ ಗೆರೆ ಎಳೆದಿದೆ.” ಡೆಸ್ಪಿನಾ ಕೈಯಲ್ಲಿದ್ದ ಚಹಾದ ಕಪ್ಪನ್ನು ಕೆಳಗಿಟ್ಟಳು. ಕ್ಲೈವ್ ತನ್ನ ಕೈ ನೋಡಿಕೊಂಡ. ಸಭಾಂಗಣ ಹಾಯಬೇಕಾದರೆ ಮೇಜು ಹಾಯಲೇಬೇಕು. ಈಗ ಒಂದೊಂದಾಗಿ ನೆನಪಾಯಿತು: ಹೆಸರು ಕೇಳಿದ ಮುದುಕ, ಹೆಸರು ಹೇಳಿದ ತನ್ನದೇ ಬಾಯಿ, ಪಟ್ಟಿಯ ಮೇಲಿಟ್ಟ ಅಡಿಕೋಲು, ದಾರ ಕಟ್ಟಿದ ಪೆನ್ಸಿಲು. ಯಾರಿಗೆ ಓಟು ಹಾಕಿದೆ ಎಂಬುದು ಮಾತ್ರ ನೆನಪಾಗಲಿಲ್ಲ.