ಮಹಾಂತೇಶನ ಮೂಗಿನ ಮರ್ಯಾದೆ

ಜ್ವರ ಬಂದು ಹೋದ ಮೇಲೆ ಹರಿಹರದ ಮಹಾಂತೇಶನಿಗೆ ಅಗರಬತ್ತಿಯ ವಾಸನೆಯೂ ತಿಳಿಯುತ್ತಿರಲಿಲ್ಲ. ಇದನ್ನು ಹೆಂಡತಿ ನಯನಾಗೂ ಹೇಳಿರಲಿಲ್ಲ. ಹೇಗೆ ಹೇಳುವುದು? ದಾವಣಗೆರೆಯ ಸಾಹುಕಾರ ಕೆಂಚವೀರಪ್ಪ ಹರಿಹರದ ತಮ್ಮ ಹೊಸ ಹೋಟೆಲಿನಲ್ಲಿ ಸ್ಪೇನಿನ ದ್ರಾಕ್ಷಿ ಮದ್ಯ ಶೆರಿಗೆಂದೇ ಒಂದು ಕೋಣೆ ಮಾಡಿಸುತ್ತಿದ್ದರು. ಅದರ ಉಸ್ತುವಾರಿ, ಸ್ಪೇನಿಗೇ ಹೋಗಿ ಶೆರಿ ಆರಿಸಿ ತರುವ ಕೆಲಸ, ಎಲ್ಲ ಮಹಾಂತೇಶನಿಗೇ ಎಂದಾಗಿತ್ತು. ಗುಟುಕು ಕುಡಿಯದೆ, ಬರೀ ಮೂಸಿ ಶೆರಿಯ ಜಾತಕ ಹೇಳುತ್ತಿದ್ದ ಮೂಗು ಅದು! ಅಷ್ಟರಲ್ಲಿ ಶಾಮನೂರಿನ ಸಿದ್ದು ಅಡ್ಡ ಬಂದ. "ಕಣ್ಣು ಕಟ್ಟಿ ಪರೀಕ್ಷೆ ಇಡ್ರಿ, ಗೆದ್ದೋರಿಗೆ ಕೆಲಸ ಕೊಡ್ರಿ" ಅಂದ. ನಿನ್ನೆ ಮೊನ್ನೆ ಲೋಟ ಹಿಡಿಯಲು ಕಲಿತವನ ಕೊಬ್ಬು ನೋಡಿ!

ಪರೀಕ್ಷೆಯ ಹಿಂದಿನ ದಿನ ಮಹಾಂತೇಶ ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿದ್ದ ಸಾಹುಕಾರರ ಮನೆಗೆ ಹೋದ. "ಫಿನೊ ಶೆರಿಗೆ ಥಂಡಿ ಸಾಕೇನು, ನೋಡ್ತೀನ್ರಿ" ಎಂದು ಫ್ರಿಜ್ ತೆರೆದ. ಪೇಪರ್ ಸುತ್ತಿ ನಂಬರ್ ಹಾಕಿದ್ದ ನಾಲ್ಕು ಬಾಟಲಿ. ಪೇಪರ್ ಎತ್ತಿ ನೋಡಲು ಅರ್ಧ ನಿಮಿಷ ಸಾಕಾಯಿತು. ನಾಲ್ಕು ಬಗೆಯ ಶೆರಿ: ಒಂದನೇದು ಒಲೊರೊಸೊ, ಎರಡನೇದು ಪೆಡ್ರೊ ಶಿಮೆನೆಸ್, ಮೂರನೇದು ಫಿನೊ, ನಾಲ್ಕನೇದು ಅಮೊಂಟಿಯಾಡೊ. ಪಾಪ, ಸಿದ್ದು ನಾಲಿಗೆ ಸವೆಸಲಿ.

ಮರುದಿನ ಬೇಕೆಂದೇ ತಡವಾಗಿ ಹೋದ. ಇಣುಕಿ ನೋಡಿದ ಎಂಬ ಮಾತು ಬರಬಾರದೆಂದು ಬಾಗಿಲಲ್ಲೇ ಹೆಗಲ ಮೇಲಿನ ವಲ್ಲಿಯಿಂದ ತನ್ನ ಕಣ್ಣು ತಾನೇ ಕಟ್ಟಿಕೊಂಡ.

"ಮಹಾಂತೇಶಪ್ಪಾ, ಇವತ್ತು..." ಸಾಹುಕಾರರು ಶುರು ಮಾಡಿದರು.

"ಏನೂ ಹೇಳಬ್ಯಾಡ್ರಿ ಸಾಹುಕಾರ್ರೆ. ಒಂದನೇದು ಕೊಡ್ರಿ."

ಯಾರೋ ಕಿಸಕ್ಕೆಂದರು. ಕೈಗೆ ತಣ್ಣನೆಯ ಸ್ಟೀಲ್ ಲೋಟ ಬಂತು. ಮೂಗಿನ ಹತ್ತಿರ ಹಿಡಿದು, ತಲೆ ತೂಗಿ, ಇಳಿಸಿದ. "ಅಕ್ರೋಟು, ಹಳೇ ಮರದ ಪೆಟ್ಟಿಗೆ. ಒಲೊರೊಸೊ." ಎರಡನೆಯದಕ್ಕೆ ಒಣದ್ರಾಕ್ಷಿ, ಬೆಲ್ಲದ ಪಾಕ. ಮೂರನೆಯದಕ್ಕೆ ಹಸಿ ಬಾದಾಮಿ, ಸಮುದ್ರದ ಗಾಳಿ. ನಾಲ್ಕನೆಯ ಅಮೊಂಟಿಯಾಡೊಗೆ ಹುರಿದ ಗೋಡಂಬಿ ಎಂದು ಹೇಳುವಾಗ ಅವನಿಗೇ ಕಣ್ಣು ತುಂಬಿ ಬಂತು. ಎಂಥಾ ವರ್ಣನೆ! ಸಿದ್ದು ಕೇಳಿಸಿಕೊಳ್ಳಲಿ!

"ಬಾಟ್ಲಿ ನಂಬರಿನ ಪ್ರಕಾರ ಎಲ್ಲಾ ಸರಿ ಐತೆ ನೋಡು," ಸಾಹುಕಾರರು ನಿಧಾನವಾಗಿ ಅಂದರು. "ಆದ್ರೆ ಬಾಟ್ಲಿ ಇನ್ನೂ ಫ್ರಿಜ್ಜಿನಾಗೇ ಅದಾವಲ್ಲಪ್ಪಾ."

ಮಹಾಂತೇಶ ವಲ್ಲಿ ಕಿತ್ತ. ನಾಲ್ಕೂ ಲೋಟದಲ್ಲಿ ಇಂಗು, ಕರಿಬೇವಿನ ಒಗ್ಗರಣೆ ಹಾಕಿದ ಬಿಳಿ ಮಜ್ಜಿಗೆ. "ಭೀಮನ ಅಮಾಸಿ ದಿನ, ಗಂಡನ ಪೂಜೆ ಮಾಡಿ ಅವರ ಕೈಗೆ ಸೆರೆ ಬಾಟ್ಲಿ ಕೊಡ್ಲೇನು? ಪರೀಕ್ಷೆ ನಾಳೆಗೆ ಹಾಕೀವಿ ಅಂತ ಹೇಳಾಕ ನೀ ಎಲ್ಲಿ ಬಿಟ್ಟಿ?" ಎಂದು ಸಾಹುಕಾರರ ಹೆಂಡತಿ ಮರುಳಸಿದ್ದಮ್ಮ ಕೇಳಿದರು. ಮಹಾಂತೇಶ ತನ್ನ ಪಾದ ನೋಡಿಕೊಂಡ. ಬೆಳಿಗ್ಗೆ ನಯನಾ ಅವನ ಪಾದ ತೊಳೆದು, ಹೂವಿಟ್ಟು ಕೈಮುಗಿದಿದ್ದಳು. ಅವನು ಆಶೀರ್ವಾದವನ್ನೂ ಮಾಡಿದ್ದ. ಯಾವ ಹಬ್ಬ ಅಂತ ಮಾತ್ರ ಕೇಳಿರಲಿಲ್ಲ.