ಕುಳ್ಳಜ್ಜನ ಪಾಲಿನ ಹಬೆ

ಇದು ನಮ್ಮ ಮನೆಯಲ್ಲೇ ನಡೆದದ್ದು. ಕಿವಿಯಲ್ಲಿ ದನಿಗಳು ಮಾತಾಡದಂತೆ ತಡೆಯುವ ಮಾತ್ರೆಗಳನ್ನು ಮಗ ಇಲ್ಮೊ ಯಾರಿಗೂ ಹೇಳದೆ ಒಮ್ಮೆಲೇ ಬಿಟ್ಟಿದ್ದ. ನಿದ್ದೆ ಹೋಯಿತು, ಉಂಡದ್ದು ಹೊಟ್ಟೆಯಲ್ಲಿ ನಿಲ್ಲದಾಯಿತು, ಬೆವರಿಗೆ ಹಾಸಿಗೆ ಒದ್ದೆಯಾಗುತ್ತಿತ್ತು. ಡಾಕ್ಟರ ಹತ್ತಿರ ಹೋಗೋಣವೆಂದರೆ, "ನಂಗೇನಾಗಿದೆ? ನೀನೇ ಹೋಗಿ ತೋರಿಸ್ಕೊಂಡು ಬಾ," ಎನ್ನುತ್ತಿದ್ದ.

ಶನಿವಾರ ಮಧ್ಯಾಹ್ನ ಹಬೆಸ್ನಾನಕ್ಕೆ ಸೌನಾ ಕೋಣೆ ಕಾಯಿಸಿದೆ. ನಮ್ಮ ಫಿನ್ಲೆಂಡಿನ ಹಳ್ಳಿಗಳಲ್ಲಿ ಎಲ್ಲರ ಸ್ನಾನವಾದ ಮೇಲೆ ಕಾದ ಕಲ್ಲುಗಳಿಗೆ ಕೊನೆಯದೊಂದು ಸೌಟು ನೀರೆರಚಿ, ಆ ಹಬೆಯನ್ನು ಸೌನಾ ಕಾಯುವ, ಕಣ್ಣಿಗೆ ಕಾಣದ ಕುಳ್ಳಜ್ಜನಿಗೆ ಬಿಟ್ಟು ಬರುತ್ತೇವೆ. ಹಾಗೇ ಮಾಡಿ ಬಾಗಿಲೆಳೆದುಕೊಂಡು ಇಬ್ಬರೂ ಹೊರಗಿನ ಬೆಂಚಿನ ಮೇಲೆ ಕುಳಿತೆವು.

ಒಳಗೆ ಕಲ್ಲು ಮತ್ತೆ ಚೊರ್ರೆಂದಿತು. ಸ್ವಲ್ಪ ತಡೆದು ಇನ್ನೊಮ್ಮೆ. ಆಮೇಲೆ ಯಾರೋ ಹಾಯಾಗಿ ಉಸಿರುಬಿಟ್ಟ ಸದ್ದು.

ಇಲ್ಮೊ ನನ್ನ ಕೈ ಹಿಡಿದ. "ಅಮ್ಮಾ, ನಿಂಗೂ ಕೇಳಿಸ್ತಲ್ವಾ? ಹಾಗಿದ್ರೆ ನಂಗೆ ಕಾಯಿಲೆ ಇಲ್ಲ, ಅಲ್ವಾ?"

"ನಂಗೇನೂ ಕೇಳಿಸ್ಲಿಲ್ಲ, ಕಂದಾ."

ಅವನು ನನ್ನ ಕೈ ಬಿಟ್ಟು ಎದ್ದ. "ಸರಿ, ನಡಿ. ಆಸ್ಪತ್ರೆಗೆ ಹೋಗೋಣ," ಎಂದ.

ಒಮ್ಮೆಲೇ ಬಿಟ್ಟರೆ ಹೀಗೆಲ್ಲ ಆಗುತ್ತದೆಂದು ಹೇಳಿ ಡಾಕ್ಟರು ಮಾತ್ರೆ ಮತ್ತೆ ಶುರುಮಾಡಿದರು.

ಮರುದಿನ ಬೆಳಿಗ್ಗೆ ಅವನಿನ್ನೂ ಮಲಗಿದ್ದಾಗ ಸೌನಾ ಒರೆಸಲು ಹೋದೆ. ಒಲೆ ತಣ್ಣಗೆ ಕೊರೆಯುತ್ತಿತ್ತು, ಬಕೆಟ್ಟಿನ ನೀರು ಮೇಲೆ ಹೆಪ್ಪುಗಟ್ಟಿತ್ತು. ಕೂರುವ ಹಲಗೆಯ ಮೂಲೆಯಲ್ಲಿ ಮಾತ್ರ, ಒಬ್ಬರು ಕೂರುವಷ್ಟು ಜಾಗ, ಆಗತಾನೆ ಎದ್ದುಹೋದಂತೆ ಬೆಚ್ಚಗಿತ್ತು.

ಇಲ್ಮೊಗೆ ಹೇಳಿಲ್ಲ.