ಸ್ವಯಂ ದೃಢೀಕರಣ

ಒಂದು ಮಾತು ಮೋಹನ್‌ಬಾಬುವಿನ ಎದೆಯಲ್ಲಿ ಮುಳ್ಳಿನಂತೆ ಮುರಿದು ಕೂತಿತ್ತು. ಶಿಡ್ಲಘಟ್ಟದಲ್ಲಿ ಅವನೂ ಕೋನಪ್ಪನೂ ಪಾಲಿನಲ್ಲಿ ನಡೆಸುತ್ತಿದ್ದ, ರೇಷ್ಮೆಗೂಡಿನಿಂದ ನೂಲು ತೆಗೆಯುವ ಫಿಲೇಚರಿಗಾಗಿ ಒಂಬತ್ತು ವರ್ಷ ಕಚೇರಿ ಅಲೆದವನು ಅವನು. ಬಾಯ್ಲರ್ ನೋಡಿಕೊಂಡವನು ಕೋನಪ್ಪ. ಈ ವರ್ಷ ನಿಯಮ ಸಡಿಲವಾಗಿ, ಬಾಯ್ಲರಿನ ಹದಿನಾಲ್ಕು ಹಾಳೆಯ ಅರ್ಜಿ ಒಂದು ಹಾಳೆಗೆ ಇಳಿಯಿತು. ತಪಾಸಣೆಗೆ ಸಾಹೇಬರು ಬರುವುದೂ ನಿಂತು, ಎಲ್ಲ ಸರಿಯಿದೆಯೆಂದು ನಡೆಸುವವರೇ ರುಜು ಹಾಕಿದರೆ ಸಾಕೆಂದಾಯಿತು. ಅಂದು ಕೆಲಸದ ಹೆಂಗಸರ ಮುಂದೆಯೇ ಕೋನಪ್ಪ ನಕ್ಕಿದ್ದ: "ಕಾಗದಾನೇ ಹೋಯ್ತಲ್ಲಪ್ಪ, ಇನ್ನು ನಿಂಗ್ಯಾಕೋ ಪಾಲು?"

ತಮಾಷೆಯೆಂದುಕೊಂಡರೆ, ಮರುವಾರವೇ ಪಾಲುಪತ್ರ ಹೊಸದಾಗಿ ಬರೆಸುವ ಮಾತೆತ್ತಿದ.

ಮೋಹನ್‌ಬಾಬು ಅವಸರಪಡಲಿಲ್ಲ. ಸಾಹೇಬರು ಬರುವುದಿಲ್ಲವೆಂದರೆ ನೋಡುವ ಕಣ್ಣೂ ಇಲ್ಲ. ಹಬೆ ಮಿತಿಮೀರಿದಾಗ ತಾನೇ ತೆರೆದುಕೊಳ್ಳುವ ವಾಲ್ವನ್ನು ತಂತಿಯಿಂದ ಬಿಗಿದರಾಯಿತು, ಬಾಯ್ಲರ್ ಸಿಡಿಯುತ್ತದೆ. ಹೆಂಗಸರು ಬರುವ ಮುಂಚೆ ಬಾಯ್ಲರ್ ಕೋಣೆಯಲ್ಲಿ ಇರುವವನು ಕೋನಪ್ಪ ಒಬ್ಬನೇ. ಸ್ಟೂಲಿನ ಮೇಲೆ ಕೂತು, ಕೈವಾರದಿಂದ ತಂದ ತತ್ವಪದದ ಪುಸ್ತಕದಲ್ಲಿ ದಿನಕ್ಕೊಂದೇ ಹಾಳೆ ಬೆರಳಿಟ್ಟು ಓದಿ, ಆಮೇಲೆ ಬೆಂಕಿ ಹಾಕಿ, ಹಬೆ ಏಳುವವರೆಗೂ ಕದಲದೆ ಕೂರುವುದು ಅವನ ರೂಢಿ. ವಾಲ್ವ್ ಸರಿಯಿದೆಯೆಂಬ ದೃಢೀಕರಣಕ್ಕೂ ಅವನದೇ ರುಜು. ತಪ್ಪೆಲ್ಲ ಸತ್ತವನ ತಲೆಗೆ.

ಶನಿವಾರ ಆ ದೃಢೀಕರಣದ ಹಾಳೆಯನ್ನು ಅವನ ಮುಂದಿಟ್ಟ. ಕೋನಪ್ಪ ಎಂದಿನಂತೆ ನೋಡದೆ ರುಜು ಹಾಕಿದ. ನಿಯಮದಂತೆ ಒಂದು ಪ್ರತಿಯನ್ನು ಮೋಹನ್‌ಬಾಬುವೇ ಸ್ಟೂಲಿನ ಎದುರಿನ ಗೋಡೆಗೆ ಅಂಟಿಸಿದ. ನಿಯಮದ ವಿಷಯದಲ್ಲಿ ಅವನು ಎಂದೂ ತಪ್ಪಿದವನಲ್ಲ. ಭಾನುವಾರ ಮಧ್ಯಾಹ್ನ ತಂತಿ ಬಿಗಿದು, ಬೀಗ ಹಾಕಿ, ಚಿಂತಾಮಣಿಯ ಅಕ್ಕ ಶ್ಯಾಮಲಮ್ಮನ ಮನೆಗೆ ಬಸ್ಸು ಹತ್ತಿದ.

ಸೋಮವಾರ ಏಳಕ್ಕೆ ಫೋನ್ ಬಂತು. ಯಾರಾದರೂ ಅಳುತ್ತಾರೆಂದು ಕಾದಿದ್ದ. ಕೇಳಿದ್ದು ಕೋನಪ್ಪನದೇ ದನಿ, ತಣ್ಣಗೆ.

"ಗೋಡೆ ಮೇಲಿಂದು ಓದ್ದೆ ಕಣಪ್ಪ. 'ವಾಲ್ವನ್ನು ನಾನೇ ಕೈಯಾರೆ ಪರೀಕ್ಷಿಸಿದ್ದೇನೆ' ಅಂತೈತೆ, ಕೆಳಗೆ ನನ್ ರುಜು. ಸುಳ್ಳಾಗಬಾರ್ದಲ್ಲ ಅಂತ, ಬೆಂಕಿ ಹಾಕೋ ಮುಂಚೆ ಹತ್ತಿ ಮುಟ್ಟಿ ನೋಡ್ದೆ. ತಂತಿ ಬಿಗಿದೈತೆ. ಬೀಗದ ಕೈ ಇರೋದು ನಮ್ಮಿಬ್ಬರ ಹತ್ರಾನೇ. ಪೊಲೀಸ್ನೋರು ಇಲ್ಲೇ ಕೂತವ್ರೆ, ಬಾ."

ಒಂಬತ್ತು ವರ್ಷ ಒಂದು ಕಾಗದವನ್ನೂ ಓದದ ಮನುಷ್ಯ ಇಂದೇ ಯಾಕೆ ಓದಿದ ಎನ್ನುವುದೊಂದೇ ಮೋಹನ್‌ಬಾಬುವಿನ ತಲೆಯಲ್ಲಿತ್ತು. ತನಗರಿಯದೆ ಅದನ್ನೇ ಬಾಯಿಬಿಟ್ಟು ಕೇಳಿದ. "ಆಗೆಲ್ಲ ಹದಿನಾಲ್ಕು ಹಾಳೆ ಇರ್ತಿತ್ತು," ಎಂದ ಕೋನಪ್ಪ. "ಇದು ಒಂದೇ ಅಲ್ವೇನಪ್ಪ."